ಹಡಗುಬಡಗಿಯ ವಯಸ್ಸು

ಇವತ್ತು ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ 1841ರ ಜನಗಣತಿಯ ಪುಟವೊಂದನ್ನು ನೋಡ್ತಾ ಕೂತಿದ್ದೆ. ವೇರ್ ನದಿ ದಂಡೆ, ಹಡಗು ಕಟ್ಟುವವರ ಬೀದಿ. ದೊಡ್ಡವರ ವಯಸ್ಸೆಲ್ಲ 25, 30, 45, 50.

ನಿಜವಾದ ವಯಸ್ಸಲ್ಲ ಅದು. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೀರಿ ಅಂತ ಆ ಸಲ ಸೂಚನೆ ಇತ್ತು. 45 ಅಂದ್ರೆ 49ರವರೆಗೆ ಯಾವುದೂ ಆಗಬಹುದು. ಪೂರ್ವಜರನ್ನು ಹುಡುಕೋ ಎಷ್ಟೋ ಜನ ಹುಟ್ಟಿದ ವರ್ಷ 1796 ಅಂತ ಹಿಡಿದು, ಚರ್ಚಿನ ದಾಖಲೆಯಲ್ಲಿ ಅದೊಂದೇ ವರ್ಷ ನೋಡಿ, ಸಿಗಲಿಲ್ಲ ಅಂತ ಕೈಬಿಡ್ತಾರೆ. ಬೇಜಾರಾಗುತ್ತೆ. 1791ರಿಂದ ಹುಡುಕಿ.

ಹುಟ್ಟೂರೂ ಅಲ್ಲಿರಲ್ಲ. ಇದೇ ಕೌಂಟಿಯವರಾ, ಹೌದು ಅಥವಾ ಅಲ್ಲ; ಸ್ಕಾಟ್ಲೆಂಡ್, ಐರ್ಲೆಂಡ್ ಇಲ್ಲವೇ ಹೊರದೇಶದವರಾದ್ರೆ ಅದರ ಗುರುತು, ಅಷ್ಟೇ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಹೆಸರಿಗೆ 1851ರ ಗಣತಿ ಬೇಕು. ಅಷ್ಟರಲ್ಲಿ ಆ ಪೂರ್ವಜ ತೀರಿಕೊಂಡಿದ್ರೆ ಮಗನ ಮದುವೆಯ ಪ್ರಮಾಣಪತ್ರ ತರಿಸಿ. 1837ರ ಜುಲೈನಿಂದ ಅದರಲ್ಲಿ ತಂದೆಯ ಹೆಸರಿನ ಜೊತೆ ಕಸುಬೂ ಇರುತ್ತೆ. ಒಂದೇ ಹೆಸರಿನ ನಾಲ್ಕು ಜನ ಎದುರಾದಾಗ 'ಹಡಗುಬಡಗಿ' ಅನ್ನೋ ಆ ಒಂದು ಪದವೇ ಆಧಾರ.

1851ರ ಆಮೇಲೆ ಇಡೀ ಕುಟುಂಬ ಕಾಣದಿದ್ರೆ? ಹಡಗು ಹತ್ತಿ ಹೊರದೇಶಕ್ಕೆ ಹೋಗಿರಬಹುದು. ಹೊರಟ ಬಂದರಲ್ಲಿ ಹುಡುಕಿದ್ರೆ ಫಲ ಕಡಿಮೆ. ಬ್ರಿಟನ್ನಿನಲ್ಲಿ ಉಳಿದಿರೋ ಪ್ರಯಾಣಿಕರ ಪಟ್ಟಿಗಳು ಬಹುಪಾಲು 1890ರಿಂದ ಈಚೆಗಿನವು. ಇಳಿದ ಬಂದರಿಗೆ ಹೋಗಬೇಕು. ಅಮೆರಿಕದ ಪಟ್ಟಿಗಳು 1820ರಿಂದ ಇವೆ, ಕೆನಡಾದ ಕ್ವೆಬೆಕ್‌ನವು 1865ರಿಂದ.

ಸರ್ಕಾರದ ನೆರವು ಪಡೆದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಹೋದವರಾದ್ರೆ ಅದೃಷ್ಟ. ಆ ಪಟ್ಟಿಗಳಲ್ಲಿ ಹುಟ್ಟೂರು, ಧರ್ಮ, ಓದುಬರಹ ಬರುತ್ತಾ ಅನ್ನೋದು, ಎಷ್ಟೋ ಸಲ ತಂದೆತಾಯಿ ಹೆಸರು, ಅವರಿನ್ನೂ ಬದುಕಿದ್ದಾರಾ ಅನ್ನೋದೂ ಸಿಗುತ್ತೆ.