ಸವೆದ ಬ್ಲೇಡಿನ ಅಳತೆ

14 ಸೆಪ್ಟೆಂಬರ್ 2024, ಶನಿವಾರ

ಟ್ರ್ಯಾಕ್ಟರಿಗೆ ಜೋಡಿಸುವ ರೋಟರಿ ಕಟರ್‌ಗೆ ಹೊಸ ಬ್ಲೇಡುಗಳು ಇವತ್ತೂ ಸಿಗಲಿಲ್ಲ. ಹಳೆಯವುಗಳ ಮೇಲೆ ಅಚ್ಚೊತ್ತಿದ್ದ ಸಂಖ್ಯೆ ಕಲ್ಲುಮಣ್ಣಿಗೆ ಉಜ್ಜಿ ಅಳಿಸಿಹೋಗಿದೆ. ಯಂತ್ರದ ಮೇಲಿನ ಫಲಕದಲ್ಲಿ ಕತ್ತರಿಸುವ ಅಗಲ 150 ಸೆಂ.ಮೀ. ಎಂಬುದೊಂದನ್ನು ಬಿಟ್ಟರೆ ಬೇರೇನೂ ಓದಲು ಬರುವುದಿಲ್ಲ. ವಿಚಾರಿಸಿದ ಕಡೆಗಳಿಂದ ಬಂದ ಚಿತ್ರಗಳಲ್ಲಿ ಹೆಚ್ಚಿನವು ರೋಟವೇಟರಿನ ಬಾಗಿದ ಬ್ಲೇಡುಗಳದ್ದು. ಅವು ಮಣ್ಣು ಹೊರಳಿಸಲಿಕ್ಕೆ ಇರುವವು. ಹುಲ್ಲು, ಕುರುಚಲು ಕೊಚ್ಚುವ ನನ್ನ ಯಂತ್ರಕ್ಕೆ ಅವುಗಳಿಂದ ಏನೂ ಆಗಬೇಕಾಗಿಲ್ಲ.

ಸಂಜೆ ಅಣ್ಣನಿಗೆ ಫೋನ್ ಮಾಡಿ, ಬಿಚ್ಚಿಟ್ಟ ಬ್ಲೇಡಿನ ರಂಧ್ರದ ಮಧ್ಯದಿಂದ ತುದಿಯವರೆಗೆ 43 ಸೆಂ.ಮೀ. ಇದೆ ಎಂದೆ.

“ಅದು ಈಗಿನ ಉದ್ದ ಕಣೋ. ತುದಿ ಎಷ್ಟು ಸವೆದಿದೆಯೋ ಅದಕ್ಕೇನು ಗೊತ್ತು? ಬ್ಲೇಡನ್ನು ಬಿಟ್ಟು ಯಂತ್ರವನ್ನು ಅಳೆ.”

ಟ್ರ್ಯಾಕ್ಟರ್ ಬಂದ್ ಮಾಡಿ ಕೀಲಿ ತೆಗೆದು, ಎಂಜಿನ್ನಿನ ಶಕ್ತಿಯನ್ನು ಕಟರ್‌ಗೆ ಸಾಗಿಸುವ ಪಿಟಿಒ ಶಾಫ್ಟ್ ಕಳಚಿ, ಹೈಡ್ರಾಲಿಕ್ಸ್ ಒಂದನ್ನೇ ನಂಬದೆ ಕಟರ್‌ನ ಕೆಳಗೆ ಗಟ್ಟಿ ಸ್ಟ್ಯಾಂಡ್‌ಗಳನ್ನು ಕೊಟ್ಟಿದ್ದೆನಾದ್ದರಿಂದ ಟೇಪು ಹಿಡಿದು ಮತ್ತೆ ಅಡಿಗೆ ನುಸುಳಿದೆ. ತಿರುಗುವ ತಟ್ಟೆಯಲ್ಲಿ ಎದುರುಬದುರಾಗಿರುವ ಎರಡು ಬೋಲ್ಟ್‌ಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 60 ಸೆಂ.ಮೀ. ಇದೆ. 150ರಲ್ಲಿ ಅದನ್ನು ಕಳೆದು ಉಳಿದದ್ದನ್ನು ಎರಡು ಪಾಲು ಮಾಡಿದರೆ 45. ಹಳೆಯ ಬ್ಲೇಡಿನ ಅಳತೆಗೇ ತರಿಸಿದರೆ ಪ್ರತಿ ಸಾಲಿನಲ್ಲೂ 4 ಸೆಂ.ಮೀ. ಹುಲ್ಲು ಉಳಿಯುತ್ತದೆ, ಹೇಗೂ ಇರಲಿ ಎಂದು ತೀರಾ ಉದ್ದನೆಯದನ್ನು ತರಿಸಿದರೆ ಅದು ಪಕ್ಕದ ತಗಡಿಗೇ ಬಡಿಯುತ್ತದೆ. ಕ್ಯಾಟಲಾಗುಗಳಲ್ಲಿ ಎದ್ದು ಕಾಣುವುದು ಬ್ಲೇಡಿನ ತುದಿಯಿಂದ ತುದಿಯವರೆಗಿನ ಉದ್ದ. ನನಗೆ ಬೇಕಾದದ್ದು ರಂಧ್ರದಿಂದ ತುದಿಗೆ ಇರುವ ಉದ್ದ, ರಂಧ್ರದ ವ್ಯಾಸ, ದಪ್ಪ, ಅಗಲ, ಮತ್ತು ಬ್ಲೇಡು ಎಷ್ಟು ಕೆಳಕ್ಕೆ ಬಾಗಿ ಇಳಿದಿದೆ ಎಂಬ ಅಳತೆ. ಮಾರುವವರನ್ನು ಈ ಕೊನೆಯದನ್ನು ಕೇಳಿದರೆ ಫೋನಿನ ಆ ಕಡೆ ಮೌನ.

“ಯಾವ ಕಡೆಗೆ ತಿರುಗುತ್ತದೆ?” ಎಂದು ಅಣ್ಣ ಕೇಳಿದ. ಎಡಕ್ಕೆ ಎಂದೆ. “ಕೆಳಗೆ ಮಲಗಿಕೊಂಡು ಹೇಳುತ್ತಿದ್ದೀಯೋ, ಮೇಲೆ ನಿಂತುಕೊಂಡೋ?” ಕೆಳಗಿನಿಂದ ನೋಡಿದಾಗ ದಿಕ್ಕು ತಿರುವುಮುರುವಾಗುತ್ತದೆ; ಮಾರುವವರು ಸಾಮಾನ್ಯವಾಗಿ ಹೇಳುವುದು ಮೇಲಿನಿಂದ ನೋಡಿದ ದಿಕ್ಕನ್ನು. ಅದು ತಪ್ಪಿದರೆ ಹರಿತವಾದ ಅಂಚು ಹಿಂದಾಗಿ, ದಪ್ಪನೆಯ ಬೆನ್ನು ಹುಲ್ಲನ್ನು ಜಜ್ಜುತ್ತಾ ಹೋಗುತ್ತದೆ.

ಸವೆದ ತುದಿಗೆ ಪಟ್ಟಿ ಬೆಸೆದು ಉದ್ದ ಮಾಡಿಕೊಡುತ್ತೇನೆ ಎಂದವರೊಬ್ಬರು ಸಿಕ್ಕಿದ್ದರು. ಒಪ್ಪಲಿಲ್ಲ. ಹದ ಕೊಟ್ಟ ಉಕ್ಕಿಗೆ ಬೆಸುಗೆಯ ಕಾವು ತಗುಲಿದರೆ ಆ ಜಾಗದಲ್ಲಿ ಹದ ಕೆಟ್ಟು ಬಿರುಕು ಬಿಡಬಹುದು. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದರೆ ನನ್ನ ಗೇರ್‌ಬಾಕ್ಸ್ ಅದನ್ನು ಸುಮಾರು 1000ಕ್ಕೆ ಏರಿಸುತ್ತದೆ, ಅಂದರೆ ಬ್ಲೇಡಿನ ತುದಿ ಗಂಟೆಗೆ 280 ಕಿ.ಮೀ. ಲೆಕ್ಕದಲ್ಲಿ ಓಡುತ್ತಿರುತ್ತದೆ. ಅಲ್ಲಿಂದ ಕಿತ್ತುಬಂದ ಚೂರು ಯಾರ ಕಡೆಗೆ ಹಾರೀತು ಎಂದು ಯೋಚಿಸಲೂ ಮನಸ್ಸು ಬರುವುದಿಲ್ಲ.

ಒಂದೇ ಬ್ಲೇಡ್ ಕೊಳ್ಳುವ ಆಸೆಯೂ ಇತ್ತು, ಏಕೆಂದರೆ ಇನ್ನೊಂದು ಅಷ್ಟೇನೂ ಕೆಟ್ಟಿಲ್ಲ. ಲೆಕ್ಕ ಹಾಕಿ ನೋಡಿದೆ: ಒಂದರ ತುದಿಯಲ್ಲಿ ಬರೀ 50 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಶಾಫ್ಟನ್ನು ಸುಮಾರು 40 ಕೆ.ಜಿ. ಭಾರದಷ್ಟು ಬಲದಿಂದ, ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ದಿಕ್ಕಿಗೆ, ಎಳೆಯುತ್ತಿರುತ್ತದೆ. ಗೇರ್‌ಬಾಕ್ಸಿನ ಬೇರಿಂಗ್ ಮತ್ತು ಸೀಲು ಅದನ್ನು ಎಷ್ಟು ದಿನ ತಾಳಿಯಾವು? ಆದ್ದರಿಂದ ಜೋಡಿಯೇ ಬರಬೇಕು, ಎರಡನ್ನೂ ತೂಗಿ ನೋಡಿಯೇ ಹಾಕಬೇಕು.

ಬೋಲ್ಟ್ ಮತ್ತು ಲಾಕ್ ನಟ್ ಕೂಡ ಹೊಸದೇ ಇರಲಿ ಎಂದು ಅಣ್ಣನ ಒತ್ತಾಯ. ಕಲ್ಲು ಬಡಿದಾಗ ಬ್ಲೇಡು ಹಿಂದಕ್ಕೆ ಮಡಚಿಕೊಂಡು ಪಾರಾಗುವುದು ಆ ಬೋಲ್ಟಿನ ಸುತ್ತಲೇ ಅಲ್ಲವೇ? ನನ್ನದರಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರು ಬಿದ್ದಿದೆ. ಅದು ಕೂರುವ ತಟ್ಟೆಯ ರಂಧ್ರವೂ ಒಂದು ಬದಿಗೆ ಸವೆದಂತೆ ಕಾಣುತ್ತಿದೆ, ನಾಳೆ ಬೆಳಕಿನಲ್ಲಿ ಕ್ಯಾಲಿಪರ್ ಇಟ್ಟು ನೋಡಬೇಕು. ಅದು ನಿಜವಾಗಿದ್ದರೆ ಬ್ಲೇಡಿಗಿಂತ ಮೊದಲು ಆ ತಟ್ಟೆಯನ್ನೇ…