ಮೂವತ್ತು ಉದ್ಯಾನ್ ಎಕ್ಸ್‌ಪ್ರೆಸ್, ಒಂದು ವಿಕೆಟ್

ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಅಕ್ಕನ ಮಗಳು ನೋಟ್‌ಬುಕ್ಕಿನಲ್ಲಿ ಭಾಗಾಕಾರ ಮುಗಿಸಿ, ರಾಹುಲ್ ದ್ರಾವಿಡ್ ತಮ್ಮ ಟೆಸ್ಟ್ ಜೀವನದಲ್ಲಿ ಮೂವತ್ತೂವರೆ ಸಲ ಬೆಂಗಳೂರಿನಿಂದ ಮುಂಬೈಗೆ ಬಂದಿದ್ದಾರೆ ಎಂದು ಘೋಷಿಸಿದಳು. ಎದುರಿನ ಸೀಟಿನಲ್ಲಿ ಇಡ್ಲಿ ತಿನ್ನುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ ಅವಳನ್ನೇ ನೋಡಿದರು. ಲೆಕ್ಕ ಸರಿಯಾಗಿಯೇ ಇತ್ತು. ದ್ರಾವಿಡ್ 164 ಟೆಸ್ಟ್‌ಗಳಲ್ಲಿ 31,258 ಎಸೆತಗಳನ್ನು ಎದುರಿಸಿ 44,152 ನಿಮಿಷ ಕ್ರೀಸಿನಲ್ಲಿ ನಿಂತವರು. ಅದು 735 ಗಂಟೆಗೂ ಮಿಗಿಲು. ನಮ್ಮ ರೈಲಿಗೆ ಮುಂಬೈ ಸೇರಲು ಸುಮಾರು 24 ಗಂಟೆ ಬೇಕು. ಒಂದೇ ಒಂದು ಪ್ರಯಾಣಕ್ಕೆ ಬೆನ್ನು ಸೋತು ಕುಳಿತಿದ್ದ ನನಗೆ, ಬಹಳ ಕಾಲದಿಂದ ಬಾಯಿಪಾಠವಾಗಿದ್ದ ಆ ಅಂಕಿಯ ಭಾರ ಮೈಗೆ ತಿಳಿದದ್ದು ಅಂದೇ.

ಊರಿಗೆ ಬಂದಿದ್ದ ಭಾವ ಮತ್ತು ಮಗಳು ಮಾಟುಂಗಾದ ತಮ್ಮ ಮನೆಗೆ ಮರಳುತ್ತಿದ್ದರು. ನಾನು ಅವರ ಜೊತೆ ನಾಲ್ಕು ದಿನದ ಮಟ್ಟಿಗೆ ಹೊರಟಿದ್ದೆ. ಪುಣೆ ಬರುವವರೆಗೂ ಬ್ಯಾಟಿಂಗ್ ಸರಾಸರಿಯದೇ ಚರ್ಚೆ. ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸುವುದು ರೂಢಿ. ಔಟಾಗದೆ ಉಳಿದ ಇನಿಂಗ್ಸನ್ನು ಭಾಗಿಸುವಾಗ ಏಕೆ ಬಿಡಬೇಕು, ಆಡಿದ್ದೆಲ್ಲವನ್ನೂ ಎಣಿಸಿದರೆ ಆಗದೇ ಎಂಬುದು ಹುಡುಗಿಯ ವಾದ. ಹಾಗೆ ಮಾಡಿದರೆ ದ್ರಾವಿಡ್ ಅವರ 52.31 ಎಂಬುದು 46.46ಕ್ಕೆ ಇಳಿಯುತ್ತದೆ, ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ ಅವರ 99.94 ಕೂಡ 87.45 ಆಗುತ್ತದೆ. ಭಾವನಿಗೆ ಇದು ಸಹಿಸಲಾಗದ ಮಾತಾಯಿತು. "ಔಟಾಗದವನ ಆಟ ಇನ್ನೂ ಮುಗಿದಿಲ್ಲ ಮಗಳೇ, ಮುಗಿಯದ್ದನ್ನು ಹೇಗೆ ಭಾಗಿಸುತ್ತೀಯ?" ಎಂದು ಅವರು ಕೇಳಿದಾಗ ನಾನೂ ಅವರ ಪಕ್ಷವೇ ಹಿಡಿದೆ. ಬ್ರಾಡ್ಮನ್ ಇನ್ನು ನಾಲ್ಕೇ ರನ್ ಗಳಿಸಿದ್ದರೆ ಸರಾಸರಿ ನೂರು ತುಂಬುತ್ತಿತ್ತು ಎಂಬ ಕೊರಗು ಜಗತ್ತಿಗೆ ಉಳಿದಿರುವುದೇ ಈ ಹಳೆಯ ಲೆಕ್ಕದಿಂದ. ಆ ಕೊರಗನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ಮರುದಿನ ಭಾನುವಾರ. ಮಾಟುಂಗಾದಿಂದ ಸ್ಲೋ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದಾಗ, ಭಾವನ ಹಳೆಯ ಗೆಳೆಯರಾದ ಶೆಟ್ಟರು ನಮಗಾಗಿ ಕಾಯುತ್ತಿದ್ದರು. ಅವರು ಹದಿನಾಲ್ಕರ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಮಾಣಿಯಾಗಿ ದುಡಿಯುತ್ತಲೇ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಈಗ ಹೋಟೆಲನ್ನು ಮಗನ ಕೈಗೆ ಕೊಟ್ಟು ಭಾನುವಾರಗಳನ್ನು ಮೈದಾನಗಳಿಗೆ ಮೀಸಲಿಟ್ಟಿದ್ದಾರೆ.

ಆಜಾದ್ ಮೈದಾನವನ್ನು ಚಿತ್ರಗಳಲ್ಲಿ ನೋಡಿದರೆ ಸಾಲದು. ಇಪ್ಪತ್ತೆರಡು ಪಿಚ್‌ಗಳಿರುವ ಆ ಬಯಲಿನಲ್ಲಿ ಒಂದು ಪಂದ್ಯದ ಸ್ಲಿಪ್ ಫೀಲ್ಡರ್, ಇನ್ನೊಂದು ಪಂದ್ಯದ ಮಿಡ್ ಆನ್ ಫೀಲ್ಡರ್‌ಗೆ ಬೆನ್ನು ತಾಗಿಸುವಷ್ಟು ಹತ್ತಿರ ನಿಂತಿರುತ್ತಾನೆ. ನಾವು ನೋಡುತ್ತಿದ್ದಂತೆಯೇ ಒಂದು ಚೆಂಡು ತನ್ನ ಪಂದ್ಯವನ್ನು ಬಿಟ್ಟು ಪಕ್ಕದ ಪಂದ್ಯದೊಳಕ್ಕೆ ಉರುಳಿತು. ಅಲ್ಲಿನ ಹುಡುಗ ತನ್ನ ಬೌಲರ್‌ನಿಂದ ಕಣ್ಣು ಕೀಳದೆ, ಎಡಗಾಲಿನಿಂದ ಅದನ್ನು ತಡೆದು, ಬಗ್ಗಿ ಎತ್ತಿ, ಹಿಂದಕ್ಕೆ ತಿರುಗದೆಯೇ ಭುಜದ ಮೇಲಿಂದ ಎಸೆದ; ಅದು ಸರಿಯಾದ ಕೈಗೇ ಹೋಗಿ ಸೇರಿತು. 1988ರ ಫೆಬ್ರವರಿಯಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ ಶಾಲಾ ಪಂದ್ಯದಲ್ಲಿ ಮುರಿಯದ 664 ರನ್‌ಗಳ ಜೊತೆಯಾಟ ಆಡಿದ್ದು ಇದೇ ಬಯಲಿನಲ್ಲಿ. ಆ ದಿನ ಎಷ್ಟು ಚೆಂಡುಗಳು ಪಕ್ಕದ ಪಂದ್ಯಗಳನ್ನು ಹೊಕ್ಕು ಬಂದಿರಬಹುದೆಂದು ಶೆಟ್ಟರು ಕೇಳಿದರೆ, ಹುಡುಗಿ ಇನ್ನೂ ಮುಂದೆ ಹೋಗಿ, ಇಪ್ಪತ್ತೆರಡೂ ಪಂದ್ಯಗಳನ್ನು ಒಂದೇ ಪಂದ್ಯವಾಗಿ ಆಡಿಸಬೇಕು, ಯಾವ ಚೆಂಡನ್ನು ಯಾರು ಹಿಡಿದರೂ ಕ್ಯಾಚ್ ಎಂದು ಒಪ್ಪಬೇಕು ಎಂದಳು.

"ಇದೆಂಥ ಹುಚ್ಚು ಮಾರಾಯ್ರೆ" ಎಂದು ಭಾವ ನಕ್ಕರು. ಶೆಟ್ಟರು ಮಾತ್ರ ಆ ಯೋಚನೆಯನ್ನು ತಳ್ಳಿಹಾಕಲಿಲ್ಲ. 1982ರ ರಣಜಿ ಸೆಮಿಫೈನಲ್‌ನಲ್ಲಿ, ಬೆಂಗಳೂರಿನ ತಿರುಗುವ ಪಿಚ್ಚಿನ ಮೇಲೆ ನಮ್ಮ ರಘುರಾಮ್ ಭಟ್ಟರ ಎಡಗೈ ಸ್ಪಿನ್ನಿಗೆ ಬಾಂಬೆ ತಂಡ ತತ್ತರಿಸಿದಾಗ, ಬಲಗೈ ಆಟಗಾರ ಸುನಿಲ್ ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಮಾಡಿ ಔಟಾಗದೆ ಉಳಿದದ್ದನ್ನು ಅವರು ನೆನಪಿಸಿದರು. "ಆವತ್ತು ಬೆಳಿಗ್ಗೆ ಯಾರಾದರೂ ಇದನ್ನು ಹೇಳಿದ್ದರೆ ಹುಚ್ಚು ಅಂತಲೇ ಹೇಳುತ್ತಿದ್ದೆವಲ್ಲ?" ಎಂದ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೈದಾನದ ತೆಂಕಣ ತುದಿಗಿರುವ ಬಾಂಬೆ ಜಿಮ್ಖಾನಾವನ್ನು ಹೊರಗಿನಿಂದಲೇ ನೋಡಿದೆವು. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ನಡೆದದ್ದೂ, ಲಾಲಾ ಅಮರನಾಥ್ 118 ರನ್ ಗಳಿಸಿ ಭಾರತದ ಮೊದಲ ಟೆಸ್ಟ್ ಶತಕ ಬಾರಿಸಿದ್ದೂ ಇಲ್ಲಿಯೇ, 1933ರ ಡಿಸೆಂಬರ್‌ನಲ್ಲಿ. ಓವಲ್ ಮೈದಾನ ದಾಟಿ, ಸೆಹ್ವಾಗ್ 2009ರಲ್ಲಿ 293ಕ್ಕೆ ನಿಂತುಹೋದ ಬ್ರೇಬೋರ್ನ್ ಕ್ರೀಡಾಂಗಣದ ಮುಂದೆ ಹಾದು ವಾಂಖೆಡೆ ಕ್ರೀಡಾಂಗಣದ ಗೇಟಿನ ಬಳಿ ಬರುವಾಗ ಬಿಸಿಲು ನೆತ್ತಿಗೇರಿತ್ತು.

ನಾನು ಭದ್ರಾವತಿಯವನು, ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. ಈ ಕ್ರೀಡಾಂಗಣದ ಮೊದಲ ಟೆಸ್ಟ್‌ನಲ್ಲಿ, 1975ರಲ್ಲಿ, ಕ್ಲೈವ್ ಲಾಯ್ಡ್ ಔಟಾಗದೆ 242 ಹೊಡೆದರು, ವಿಶ್ವನಾಥ್ 95ಕ್ಕೆ ಔಟಾದರು. ಆದರೆ ನನ್ನನ್ನು ಅಲ್ಲಿಗೆ ಎಳೆತಂದದ್ದು 1980ರ ಫೆಬ್ರವರಿಯ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್. ಸೂರ್ಯಗ್ರಹಣದ ಕಾರಣಕ್ಕೆ ಒಂದು ದಿನ ಆಟಕ್ಕೆ ಬಿಡುವು ಕೊಟ್ಟಿದ್ದ ಪಂದ್ಯ ಅದು. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬಾಥಮ್ ಜೊತೆಗೆ ನಿಂತಿದ್ದ ಬಾಬ್ ಟೇಲರ್ ಅವರಿಗೆ ಕಪಿಲ್ ದೇವ್ ಎಸೆತದಲ್ಲಿ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಂಬಿದ ನಾಯಕ ವಿಶ್ವನಾಥ್, ಅಂಪೈರ್‌ಗೆ ಹೇಳಿ ಟೇಲರ್ ಅವರನ್ನು ಮರಳಿ ಕರೆಸಿದರು. ಆ ಜೋಡಿ 171 ರನ್ ಸೇರಿಸಿತು. ಬಾಥಮ್ 114 ಗಳಿಸಿ, 13 ವಿಕೆಟ್‌ಗಳನ್ನೂ ಕಿತ್ತರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

"ಕೌಂಟರಿನ ರೇಡಿಯೋದಲ್ಲಿ ಕೇಳಿದ್ದು ನಾನು. ಟ್ರೇ ಹಿಡಿದುಕೊಂಡೇ ನಿಂತುಬಿಟ್ಟಿದ್ದೆ, ಚಹಾ ಎಲ್ಲ ತಣ್ಣಗಾಗಿ ಧಣಿಗಳಿಂದ ಬೈಸಿಕೊಂಡೆ" ಎಂದರು ಶೆಟ್ಟರು. ವಿಶ್ವನಾಥ್ ಭಾರತದ ನಾಯಕತ್ವ ವಹಿಸಿದ್ದು ಎರಡೇ ಟೆಸ್ಟ್‌ಗಳಲ್ಲಿ, ಅವುಗಳಲ್ಲಿ ಇದೊಂದು. ಅವರು ಶತಕ ಹೊಡೆದ ಹದಿನಾಲ್ಕು ಟೆಸ್ಟ್‌ಗಳಲ್ಲಿ ಭಾರತ ಒಂದನ್ನೂ ಸೋಲಲಿಲ್ಲ ಎಂಬ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಟೇಲರ್ ಅವರನ್ನು ಕರೆಸಿದ್ದಕ್ಕೆ ಮಾತ್ರ ಅಂಕಿಅಂಶಗಳ ಪಟ್ಟಿಯಲ್ಲಿ ಎಲ್ಲಿಯೂ ಜಾಗವಿಲ್ಲ. ಅದನ್ನು ನಾನು ಬಹಳ ವರ್ಷಗಳಿಂದ ಅನ್ಯಾಯವೆಂದೇ ಭಾವಿಸಿದ್ದೇನೆ, ಅಲ್ಲಿಯೂ ಹಾಗೆಯೇ ಹೇಳಿದೆ.

ಸಂಜೆ ಚರ್ಚ್‌ಗೇಟ್‌ನಿಂದ ಮಾಟುಂಗಾ ರೋಡ್‌ಗೆ ಲೋಕಲ್ ಹತ್ತಿದೆವು. ರೈಲು ಹೊರಟ ಕೂಡಲೇ ಎಡಗಡೆ ವಾಂಖೆಡೆಯ ಗೋಡೆ ಹಾದುಹೋಯಿತು. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದ ಹುಡುಗಿ ನೋಟ್‌ಬುಕ್ ತೆರೆದು, ವಿಶ್ವನಾಥ್ ಅವರ ಸಾಲಿನಲ್ಲಿ 91 ಟೆಸ್ಟ್, 6,080 ರನ್, 41.93 ಸರಾಸರಿ, 14 ಶತಕ ಎಂದು ಬರೆದಳು. ಆಮೇಲೆ ಸ್ಕೇಲಿಲ್ಲದೆ, ರೈಲಿನ ಕುಲುಕಾಟಕ್ಕೆ ಸೊಟ್ಟಗಾದ ಇನ್ನೊಂದು ಗೆರೆ ಎಳೆದು, ಅದರ ತಲೆಯ ಮೇಲೆ "ಮರಳಿ ಕರೆಸಿದ ವಿಕೆಟ್" ಎಂದು ಬರೆದು, ಕೆಳಗೆ 1 ಎಂದು ತುಂಬಿಸಿದಳು.

"ದ್ರಾವಿಡ್ ಅವರದಕ್ಕೆ ಏನು ಬರೆಯಲಿ ಮಾಮ, ಉದ್ಯಾನ್ 30 ಅಂತಲಾ?" ಎಂದು ಕೇಳಿದಳು. ಬರಿ ಎಂದೆ.