ರೆಡ್‌ಕ್ಲಾ ಕ್ರೇಫಿಶ್: ಬಾಲದ ಮಾಂಸ ನೋಡಿ ತಳಿ ಆರಿಸುವುದು

ಉತ್ತರ ಆಸ್ಟ್ರೇಲಿಯಾದ ಹೊಳೆಗಳಿಂದ ಸಾಕಣೆ ಕೊಳಕ್ಕೆ ಬಂದ, ಸಿಗಡಿಯಂಥ ಸಿಹಿನೀರಿನ ಚಿಪ್ಪುಜೀವಿಯಾದ ರೆಡ್‌ಕ್ಲಾ ಕ್ರೇಫಿಶ್‌ನಲ್ಲಿ ತಳಿ ಆಯ್ಕೆಯೆಂದರೆ ಹೆಚ್ಚಾಗಿ ಮೈತೂಕದ ಆಯ್ಕೆಯೇ. ತಕ್ಕಡಿಯೊಂದಿದ್ದರೆ ಕೆಲಸವಾಯಿತು. ತಿನ್ನುವುದು ಮಾತ್ರ ಬಾಲದ ಮಾಂಸ, ಅದು ಮೈತೂಕದ ಸುಮಾರು ಕಾಲು ಪಾಲು. ಅದನ್ನು ತೂಗಲು ಪ್ರಾಣಿಯನ್ನು ಕೊಲ್ಲಬೇಕು. ಕೊಂದದ್ದರಿಂದ ಮರಿ ಪಡೆಯಲಾಗದು. ಹೀಗಾಗಿ ಪ್ರತಿ ಕುಟುಂಬದಲ್ಲಿ ಕೆಲವನ್ನು ಕೊಯ್ದು, ಅವುಗಳ ಒಡಹುಟ್ಟುಗಳ ಯೋಗ್ಯತೆಯನ್ನು ಅಂದಾಜು ಮಾಡುತ್ತಾರೆ. ಆದರೆ ತಳಿಗುಣದ ವ್ಯತ್ಯಾಸದಲ್ಲಿ ಅರ್ಧದಷ್ಟು ಒಡಹುಟ್ಟುಗಳ ನಡುವೆಯೇ ಇರುತ್ತದೆ. ಡಿಎನ್‌ಎ ಗುರುತುಗಳಿಲ್ಲದೆ ಅದು ಕೈಗೆ ಸಿಗದು.

ಶೇಕಡಾವಾರು ಲೆಕ್ಕವನ್ನು ನೆಚ್ಚಿದರೆ ಮೋಸ ಹೋಗುತ್ತೀರಿ. 40 ಗ್ರಾಂ ಪ್ರಾಣಿಯಲ್ಲಿ ಶೇ 26 ಮಾಂಸವಿದ್ದರೆ ಸಿಗುವುದು 10.4 ಗ್ರಾಂ, 70 ಗ್ರಾಂ ಪ್ರಾಣಿಯಲ್ಲಿ ಶೇ 23 ಇದ್ದರೂ 16.1 ಗ್ರಾಂ. ಗಂಡು ಬಲಿತಂತೆ ಇಕ್ಕುಳದಂಥ ಮುಂಗಾಲುಗಳು ದಪ್ಪವಾಗಿ, ಬಾಲದ ಪಾಲು ಇಳಿಯುತ್ತದೆ. ಶೇಕಡಾವಾರನ್ನೇ ಹಿಡಿದು ಆರಿಸಿದರೆ ನಿಧಾನ ಬೆಳೆಯುವ, ಇನ್ನೂ ಬಲಿಯದ ಗಂಡುಗಳೇ ಗೆಲ್ಲಬಹುದು. ಮೈತೂಕ, ಮಾಂಸದ ತೂಕ ಎರಡನ್ನೂ ಬೇರೆ ಬೇರೆ ಗುಣಗಳಾಗಿ ಸೂಚ್ಯಂಕಕ್ಕೆ, ಅಂದರೆ ಗುಣಗಳನ್ನೆಲ್ಲ ಕೂಡಿಸಿ ಪ್ರತಿ ಪ್ರಾಣಿಗೆ ಕೊಡುವ ಒಟ್ಟು ಅಂಕಕ್ಕೆ, ಸೇರಿಸಿ. ಲಿಂಗ, ವಯಸ್ಸು, ಕೊಳ ಇವುಗಳ ಪರಿಣಾಮವನ್ನು ಲೆಕ್ಕದಲ್ಲೇ ಕಳೆಯಿರಿ.

ಅಳತೆಯಲ್ಲಿ ಹೆಚ್ಚು ಹಾಳಾಗುವುದು ಪೊರೆ ಬಿಡುವ ಹೊತ್ತಿನಿಂದ. ಈಗಷ್ಟೇ ಪೊರೆ ಬಿಟ್ಟದ್ದರ ಮೈಯಲ್ಲಿ ನೀರು ಹೆಚ್ಚು, ಮಾಂಸ ಸಡಿಲ. ಚಿಪ್ಪು ಒತ್ತಿದರೆ ಬಗ್ಗುವಂತಿದ್ದರೆ ಅದನ್ನು ಬಿಡಿ. ಮುಂಗಾಲು ಮುರಿದದ್ದು, ಮತ್ತೆ ಚಿಗುರಿ ಚಿಕ್ಕದಾದದ್ದು ಕೂಡ ಬೇಡ: ಮುಂಗಾಲಿನ ತೂಕ ತಪ್ಪಿದರೆ ಬಾಲದ ಪಾಲು ಸುಳ್ಳೇ ಏರುತ್ತದೆ. ಹಿಂದಿನ ದಿನದಿಂದ ಮೇವು ನಿಲ್ಲಿಸಿ, ತೂಗುವ ಮುನ್ನ ಎಲ್ಲವನ್ನೂ ಒಂದೇ ಹೊತ್ತು ನೀರು ಸೋರಲು ಬಿಡಿ, ಐಸ್ ನೀರಿನಲ್ಲಿ ಮರಗಟ್ಟಿಸಿ. ಬೇಯಿಸುವುದಾದರೆ ಎಲ್ಲವನ್ನೂ ಸಮನಾದ ಹೊತ್ತು ಬೇಯಿಸಿ. ಹೆಚ್ಚು ಬೆಂದಷ್ಟೂ ಮಾಂಸದ ತೂಕ ಇಳಿಯುತ್ತದೆ. ಕರುಳಿನ ಎಳೆ ತೆಗೆದು 0.1 ಗ್ರಾಂ ನಿಖರತೆಯಲ್ಲಿ ತೂಗಿ, ಸಿಪ್ಪೆ ಸುಲಿಯುವವರನ್ನು ನಡುವೆ ಬದಲಿಸಬೇಡಿ.

ಒಂದು ಗಂಡಿಗೆ ಎರಡು ಹೆಣ್ಣು ಕೊಟ್ಟರೆ ತಂದೆಯ ಪಾಲನ್ನು ತಾಯಿಯ ಪಾಲಿನಿಂದ ಬೇರ್ಪಡಿಸಬಹುದು. ಮೊಟ್ಟೆ ಹೊತ್ತ ಹೆಣ್ಣುಗಳಿಗೆ ಬೇರೆ ಬೇರೆ ತೊಟ್ಟಿ ಬೇಕೇ ಬೇಕು, ಆದರೆ ಮರಿಗಳನ್ನು ಅಲ್ಲೇ ಬಹಳ ದಿನ ಬಿಟ್ಟರೆ ತೊಟ್ಟಿಯ ಗುಣವೇ ಕುಟುಂಬದ ಗುಣವೆಂದು ಕಾಣುತ್ತದೆ. ಗುರುತು ಹಾಕುವಷ್ಟು ದೊಡ್ಡವಾದ ಕೂಡಲೇ ಬಾಲದಡಿಯ ತೆಳು ಚರ್ಮದೊಳಗೆ ಬಣ್ಣದ ಇಲಾಸ್ಟೋಮರ್ (ಒಳಗೆ ಹೋಗಿ ರಬ್ಬರಿನಂತೆ ಗಟ್ಟಿಯಾಗುವ ದ್ರವ) ಚುಚ್ಚಿ. ಪೊರೆ ಬಿಟ್ಟರೂ ಅದು ಉಳಿಯುತ್ತದೆ. ಆಮೇಲೆ ಎಲ್ಲ ಕುಟುಂಬಗಳನ್ನೂ ಒಂದೇ ಕೊಳಕ್ಕೆ ಬಿಡಿ.